ಸಂಬಳಕ್ಕೆ ಮಾಡಿದ್ದು

“ಸಂಬಳ ಬರುತ್ತದಲ್ಲ, ಮಾಡಲಿ ಬಿಡಿ” ಎಂಬ ಮಾತನ್ನು ನಾವು ಎಷ್ಟು ಸಲೀಸಾಗಿ ಆಡುತ್ತೇವೆ! ನರ್ಸಮ್ಮನ ಬಗ್ಗೆ, ಲೈನ್‌ಮನ್ ಬಗ್ಗೆ, ನನ್ನಂಥ ಟೀಚರುಗಳ ಬಗ್ಗೆ. ದುಡ್ಡಿಗೆ ಮಾಡಿದ್ದರಲ್ಲಿ ತ್ಯಾಗವೆಲ್ಲಿ ಬಂತು ಎಂಬುದು ಅದರ ಒಳಾರ್ಥ.

ಕಡಲು ಕಾಣದ ಆನವಟ್ಟಿಯಲ್ಲಿದ್ದರೂ ಈ ಮಾತು ಕೇಳಿದಾಗ ನನಗೆ ನೆನಪಾಗುವುದು ಒಂದು ಹಡಗು. 1940ರ ನವೆಂಬರಿನಲ್ಲಿ ‘ಸ್ಯಾನ್ ಡೆಮೆಟ್ರಿಯೊ’ ಎಂಬ ಬ್ರಿಟಿಷ್ ತೈಲದ ಹಡಗು 11,000 ಟನ್ನಿಗೂ ಮೀರಿ ವಿಮಾನದ ಪೆಟ್ರೋಲು ಹೊತ್ತು ಇತರ ಹಡಗುಗಳ ಜೊತೆ ಅಟ್ಲಾಂಟಿಕ್ ದಾಟುತ್ತಿತ್ತು. 5ನೇ ತಾರೀಖು ಜರ್ಮನಿಯ ಯುದ್ಧನೌಕೆ ಗುಂಡು ಹಾರಿಸಿತು. ಹಡಗಿಗೆ ಬೆಂಕಿ ಹತ್ತಿ, ಎಲ್ಲರೂ ದೋಣಿಗಿಳಿದರು. ಎರಡು ದಿನದ ಮೇಲೆ ಒಂದು ದೋಣಿಯ 16 ಮಂದಿಗೆ ಅದೇ ಹಡಗು, ಇನ್ನೂ ಉರಿಯುತ್ತಲೇ, ಎದುರಾಯಿತು. ಅವರು ಮತ್ತೆ ಹತ್ತಿದರು. ಬೆಂಕಿ ಆರಿಸಿ, ಎಂಜಿನ್ ರಿಪೇರಿ ಮಾಡಿ, ನಕ್ಷೆ ದಿಕ್ಸೂಚಿಗಳಿಲ್ಲದೆ ಸ್ಕಾಟ್ಲೆಂಡಿನ ಕ್ಲೈಡ್ ಮುಟ್ಟಿದರು. ಒಬ್ಬ ದಾರಿಯಲ್ಲೇ ತೀರಿಕೊಂಡ. ಹಡಗು ಉಳಿಸಿದ್ದಕ್ಕೆ ನ್ಯಾಯಾಲಯ ಅವರಿಗೆ ಹಣ ಕೊಡಿಸಿತು.

ಹಣ ಬಂತೆಂದು ಆ ಧೈರ್ಯ ಸಣ್ಣದಾಯಿತೆ? ದೋಣಿಯಲ್ಲಿದ್ದರೆ ಚಳಿಗೆ ಸಾಯುವ ಭಯವೂ ಅವರಿಗಿತ್ತು, ನಿಜ. ಆದರೆ ಪೆಟ್ರೋಲಿನ ಮೇಲೆ ಉರಿಯುವ ಬೆಂಕಿಯ ನಡುವೆ ಕಾಲಿಡುವುದನ್ನು ಯಾವ ಸಂಬಳವೂ ಕೊಳ್ಳಲಾರದು. ಸಂಬಳ ಕೊಳ್ಳುವುದು ಹೊತ್ತನ್ನು, ಮನಸ್ಸನ್ನಲ್ಲ.

ಬ್ರಿಟಿಷ್ ಹಡಗುಗಳಲ್ಲಿ ಭಾರತದ ಸಾವಿರಾರು ಖಲಾಸಿಗಳೂ ದುಡಿದರು, ಬಿಳಿಯರಿಗಿಂತ ಬಹಳ ಕಡಿಮೆ ಕೂಲಿಗೆ. 1939ರಲ್ಲಿ ಯುದ್ಧ ಶುರುವಾದಾಗ ಹೆಚ್ಚು ಕೂಲಿ ಕೇಳಿ ಹಡಗು ಹತ್ತಲೊಪ್ಪದೆ ಹಲವರು ಜೈಲಿಗೂ ಹೋದರು. ಅವರನ್ನು ದುರಾಸೆಯವರೆನ್ನಲು ನನಗೆ ಬಾಯಿ ಬರುವುದಿಲ್ಲ. ಪ್ರಾಣಕ್ಕೆ ಬೆಲೆ ಕೇಳಿದವರೇ ಪ್ರಾಣವನ್ನೂ ಕೊಟ್ಟರು. ಮುಂಬಯಿಯ ನಾವಿಕರ ಭವನದ ಸ್ಮಾರಕ, ಆ ಯುದ್ಧದಲ್ಲಿ ಮಡಿದ ಅವಿಭಜಿತ ಭಾರತದ 6,000ಕ್ಕೂ ಹೆಚ್ಚು ನಾವಿಕರದು.

ನಮ್ಮ ಮನೆಗಳಲ್ಲಿ ಇದೇ ಲೆಕ್ಕ ತಿರುವುಮುರುವು. ಕೂಲಿಯಿಲ್ಲದ ಹೆಂಗಸಿನ ದುಡಿಮೆಗೆ ‘ತ್ಯಾಗಮಯಿ’ ಎಂಬ ಬಿರುದು. ಕೂಲಿ ಕೇಳಿದ ದಿನ ಬಿರುದು ವಾಪಸ್ಸು. ಅಡಿಕೆ ಸುಲಿಯುವವಳು ಹತ್ತು ರೂಪಾಯಿ ಹೆಚ್ಚು ಕೇಳಿದರೆ “ಮೊದಲಿನ ನಿಯತ್ತಿಲ್ಲ” ಎನ್ನುವವರು ನಾವೇ ಅಲ್ಲವೆ?

ಹೊಗಳಿಕೆ ಕೂಲಿಗೆ ಬದಲಲ್ಲ. ಕೂಲಿ ಕೃತಜ್ಞತೆಗೆ ಬದಲಲ್ಲ. ಎರಡೂ ಬೇರೆ ಬೇರೆ ಸಾಲ. ಒಂದನ್ನು ತೀರಿಸಿ ಇನ್ನೊಂದರ ಚೀಟಿ ಹರಿದುಹಾಕುವ ಹಕ್ಕು ನಮಗಿಲ್ಲ.