ಹಣ್ಣು ಆಯುವ ಹಕ್ಕು

ಕಾಡಿಗೆ ಹೋದವನು ಬರಿಗೈಯಲ್ಲಿ ಮನೆಗೆ ಬರಬಾರದೆಂಬುದು ನಮ್ಮ ಕಡೆಯ ಅಲಿಖಿತ ಶಾಸನ. ಸೊಪ್ಪಿಗೆ ಹೋಗುತ್ತಾರೆ, ದರಕಿಗೆ ಹೋಗುತ್ತಾರೆ, ಮಳೆಗಾಲದಲ್ಲಿ ಉಪ್ಪಾಗೆಗೋ ಅಣಬೆಗೋ ಹೋಗುತ್ತಾರೆ. ತಪ್ಪಿಸಿಕೊಂಡ ದನವನ್ನು ಹುಡುಕಿಕೊಂಡು ಹೋಗುವುದಂತೂ ಇದ್ದೇ ಇದೆ. “ಸುಮ್ಮನೆ ಹೋಗಿದ್ದೆ” ಎಂದು ಯಾವನಾದರೂ ಹೇಳಿದರೆ ಅವನ ತಲೆಯ ಸ್ವಾಸ್ಥ್ಯದ ಬಗೆಗೆ ಮನೆಮಂದಿ ಗುಟ್ಟಾಗಿ ಮಾತಾಡಿಕೊಳ್ಳುತ್ತಾರೆ. ಆದ್ದರಿಂದ, ಜರ್ಮನಿಗೆ ಹೋದ ಹೊಸದರಲ್ಲಿ, ಭಾನುವಾರ ಹದಿನೆಂಟು ಕಿಲೋಮೀಟರು ಕಾಡಿನಲ್ಲಿ ನಡೆದು ಬಂದೆನೆಂದು ಫೋನಿನಲ್ಲಿ ಹೇಳಿದಾಗ ನಮ್ಮ ಆಯಿ ಕೇಳಿದ ಮೊದಲ ಪ್ರಶ್ನೆ: “ಮತ್ತೆ ಎಂತ ತಂದೆ ತಮಾ?”

ನಾನು ಏನನ್ನೂ ತಂದಿರಲಿಲ್ಲ. ಅದನ್ನು ಆಯಿಗೆ ವಿವರಿಸುವುದು, ವಿದ್ಯಾರ್ಥಿಗಳಿಗೆ ಶಿಥಿಲದ್ವಿತ್ವವನ್ನು ವಿವರಿಸುವುದಕ್ಕಿಂತ ಕಷ್ಟವಾಯಿತು.

ಹೋದದ್ದು ಎರಡು ವರ್ಷದ ಮಟ್ಟಿಗೆ, ಮೈನ್ ನದಿಯ ದಂಡೆಯ ವ್ಯೂರ್ಟ್ಸ್‌ಬುರ್ಗ್ ಎಂಬ ಊರಿಗೆ. ಕನ್ನಡ ಕಲಿಯಬಯಸಿದ ಬೆರಳೆಣಿಕೆಯ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಕೆಲಸ. ಕಿಟ್ಟೆಲರು ಅಲ್ಲಿಂದ ಇಲ್ಲಿಗೆ ಬಂದು 1894ರಲ್ಲಿ ನಮಗೊಂದು ನಿಘಂಟು ಕೊಟ್ಟರು. ಅದನ್ನೇ ಪೆಟ್ಟಿಗೆಯಲ್ಲಿಟ್ಟುಕೊಂಡು ನಾನು ಇಲ್ಲಿಂದ ಅಲ್ಲಿಗೆ ಹೋದೆ. ವಿಮಾನದವರು ಅದರ ತೂಕಕ್ಕೆ ಹಣ ಕಟ್ಟಿಸಿಕೊಂಡರು.

ಪರದೇಶದಲ್ಲಿ ನೆಲೆಯೂರುವುದೆಂದರೆ ಮೊದಲ ಕೆಲವು ತಿಂಗಳು ಕಾಗದಗಳ ಕಾಲಕ್ಷೇಪ. ಇಂಥ ಬೀದಿಯ ಇಂಥ ಮನೆಯಲ್ಲಿ ಇದ್ದೇನೆಂದು ಊರಿನ ಕಚೇರಿಯಲ್ಲಿ ದಾಖಲಾಗಬೇಕು. ಆ ದಾಖಲೆಯಿಲ್ಲದೆ ಮುಂದಿನ ಯಾವ ಕೆಲಸವೂ ಸುಗಮವಲ್ಲ. ಕಸವನ್ನು ಬಣ್ಣದ ಡಬ್ಬಗಳಿಗೆ ಜಾತಿವಾರು ಹಂಚಬೇಕು. ಇವೆಲ್ಲ ಅಭ್ಯಾಸವಾದವು. ಅಭ್ಯಾಸವಾಗದೆ ಉಳಿದದ್ದು ಭಾನುವಾರ. ಅಂಗಡಿಗಳಿಗೆ ಬೀಗ. ಬೀದಿ ನಿಶ್ಶಬ್ದ. ಒಂದು ಭಾನುವಾರ ಬೆಳಿಗ್ಗೆ ನಾನು ಚಟ್ನಿಗೆಂದು ಮಿಕ್ಸಿ ತಿರುಗಿಸಿದೆ; ಪಕ್ಕದ ಮನೆಯ ಹಿರಿಯರು ಬಂದು ಬಾಗಿಲು ತಟ್ಟಿದರು. ಜಗಳಕ್ಕೆ ಬಂದರೆಂದು ನಾನು ಗಾಬರಿಗೊಂಡೆ. ಅವರು ಬಹಳ ಮೆತ್ತಗೆ, ಇಂದು ಭಾನುವಾರವೆಂಬುದನ್ನು ನೆನಪಿಸಿದರು. ಆ ದೇಶದ ಸಂವಿಧಾನದಲ್ಲಿಯೇ ಇದಕ್ಕೆ ಆಧಾರವುಂಟೆಂದು ಆಮೇಲೆ ತಿಳಿಯಿತು. ಭಾನುವಾರವು ಕೆಲಸದಿಂದ ವಿರಾಮ ಪಡೆಯುವ ಮತ್ತು ಆತ್ಮವನ್ನು ಮೇಲೆತ್ತಿಕೊಳ್ಳುವ ದಿನವೆಂದು 1919ರ ವೈಮಾರ್ ಸಂವಿಧಾನ ಹೇಳಿತ್ತು. 1949ರ ಸಂವಿಧಾನ ಆ ವಿಧಿಯನ್ನು ಹಾಗೆಯೇ ಉಳಿಸಿಕೊಂಡಿತು. ಆತ್ಮ ಮೇಲೇರುವ ಹೊತ್ತಿನಲ್ಲಿ ನನ್ನ ಮಿಕ್ಸಿ ಅಡ್ಡ ಬಂದಿತ್ತು.

ಆ ಹಿರಿಯರು ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ನನ್ನ ಭಾನುವಾರಗಳ ದಿಕ್ಕುಗೇಡಿತನವನ್ನು ಕಂಡು ಮರುಕಗೊಂಡರೋ ಅಥವಾ ಮಿಕ್ಸಿಯ ಭಯದಿಂದಲೋ, ಮುಂದಿನ ವಾರ ನನ್ನನ್ನು ತಮ್ಮೊಡನೆ ನಡೆಯಲು ಕರೆದರು. ರೈಲಿನಲ್ಲಿ ಲೋರ್ ಎಂಬ ಪಟ್ಟಣಕ್ಕೆ ಹೋಗಿ ಇಳಿದರೆ ಅಲ್ಲಿಂದಾಚೆಗೆ ಶ್ಪೆಸ್ಸಾರ್ಟ್ ಎಂಬ ಗುಡ್ಡಗಾಡು: ಓಕ್ ಮತ್ತು ಬೀಚ್ ಮರಗಳ ದೊಡ್ಡ ಕಾಡು. ಗುಡ್ಡಗಾಡೆಂದರೆ ಸಹ್ಯಾದ್ರಿಯವರು ನಗಬಾರದು. ಅಲ್ಲಿನ ಅತ್ಯುನ್ನತ ಶಿಖರ 586 ಮೀಟರು. ನಮ್ಮ ಶಿರಸಿಯ ಪೇಟೆಯೇ ಸುಮಾರು ಅಷ್ಟು ಎತ್ತರದಲ್ಲಿದೆ. ಆದರೆ ದಾರಿಗಳ ಸೊಗಸೇ ಬೇರೆ. ಮರಮರಕ್ಕೂ ಪುಟ್ಟ ಗುರುತುಗಳು. ಹೊಸಬನಾದವನೂ ತಪ್ಪದೆ ನಡೆಯಬಹುದು. ಅಂಥದೊಂದು ದಾರಿಗೆ ‘ಕತ್ತೆಯ ದಾರಿ’ ಎಂದೇ ಹೆಸರು. 111 ಕಿಲೋಮೀಟರು ಉದ್ದ. ಹಿಂದೆ ಕತ್ತೆಗಳ ಮೇಲೆ ಉಪ್ಪು ಸಾಗಿಸುತ್ತಿದ್ದ ಹಾದಿಯಂತೆ. ಸಾಣಿಕಟ್ಟೆಯ ಉಪ್ಪನ್ನು ಹೇರೆತ್ತುಗಳ ಮೇಲೆ ಘಟ್ಟ ಹತ್ತಿಸುತ್ತಿದ್ದ ಕತೆಗಳನ್ನು ಅಜ್ಜನಿಂದ ಕೇಳಿ ಬೆಳೆದ ನನಗೆ ಆ ಹೆಸರು ಕೇಳಿದೊಡನೆ ಕಾಲಿಗೆ ಹುಮ್ಮಸ್ಸು ಬಂತು.

ಹೀಗೆ ಭಾನುವಾರಗಳು ತುಂಬಿಕೊಂಡವು. ಬೆನ್ನಿಗೊಂದು ಚೀಲ, ಅದರಲ್ಲಿ ಬ್ರೆಡ್ಡು, ನೀರು, ಊರಿಂದ ತಂದ ಮಾವಿನಮಿಡಿ ಉಪ್ಪಿನಕಾಯಿ. ಹಿರಿಯರು ಉಪ್ಪಿನಕಾಯಿಯನ್ನು ಒಂದೇ ಬಾರಿ ರುಚಿ ನೋಡಿದರು.

ಜುಲೈ ತಿಂಗಳ ಒಂದು ದಿನ ದಾರಿಯ ಪಕ್ಕದಲ್ಲಿ ಮೊಣಕಾಲೆತ್ತರದ ಪೊದೆಗಳು ಕಂಡವು. ತುಂಬ ಕಪ್ಪುನೀಲಿ ಹಣ್ಣು, ನಮ್ಮ ಕುಂಟುನೇರಳೆಯ ತಮ್ಮಂದಿರಂತೆ. ತಿನ್ನಬಹುದೆಂದು ಹಿರಿಯರು ಹೇಳಿ, ಒಂದು ದಿಮ್ಮಿಯ ಮೇಲೆ ಕುಳಿತು ಬೂಟು ಸಡಿಲಿಸಿದರು. ನಾನು ಬುತ್ತಿಯ ಡಬ್ಬಿ ಬರಿದು ಮಾಡಿ ಆಯತೊಡಗಿದೆ. ಈ ಸಲವಾದರೂ ಆಯಿಗೆ ಒಂದು ಉತ್ತರ ಸಿಕ್ಕಿತಲ್ಲ ಎಂದು ಸಂತೋಷ. ಅರ್ಧ ಡಬ್ಬಿ ತುಂಬಿರಬಹುದು. ತಿರುವಿನಲ್ಲಿ ನಾಯಿಯೊಂದನ್ನು ಹಿಡಿದುಕೊಂಡು, ಹಸಿರು ಅಂಗಿಯ ಮನುಷ್ಯನೊಬ್ಬ ಬಂದ. ನಾನು ಥಟ್ಟನೆ ಎದ್ದು ನಿಂತೆ. ಡಬ್ಬಿ ಹಿಡಿದ ಕೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು. ನನಗೆ ಬರುವ ಹರಕು ಜರ್ಮನ್ ಭಾಷೆಯಲ್ಲಿ ಒಂದು ಕ್ಷಮಾಪಣೆಯ ವಾಕ್ಯವನ್ನು ಜೋಡಿಸುತ್ತಿದ್ದೆ. ಕ್ರಿಯಾಪದ ಕೊನೆಗೆ ಬರಬೇಕಲ್ಲವೇ, ಅದು ಬರುವ ಮೊದಲೇ ಆತ ನಮಸ್ಕಾರ ಹೇಳಿ, ನಕ್ಕು, ಇನ್ನೂ ಮೇಲೆ ಹೋದರೆ ಇದಕ್ಕಿಂತ ಒಳ್ಳೆಯ ಹಣ್ಣಿದೆ ಎಂದು ಕೈ ತೋರಿಸಿ ಹೊರಟುಹೋದ. ಯಾರೆಂದು ಕೇಳಿದೆ. “ಈ ಕಾಡಿನ ಯಜಮಾನ” ಎಂದರು ಹಿರಿಯರು, ಬೂಟಿನ ದಾರ ಬಿಗಿಯುತ್ತ.

ಬೇರೊಬ್ಬನ ಸ್ವಂತ ಕಾಡಿನಲ್ಲಿ, ಬೇರೆ ದೇಶದವನೊಬ್ಬ ಹಣ್ಣು ಕೀಳುತ್ತಾನೆ. ಯಜಮಾನ ದಾರಿ ತೋರಿಸಿ ಹೋಗುತ್ತಾನೆ! ಇದೇನು ಧರ್ಮರಾಯನ ಸಂತತಿಯೋ ಎಂದುಕೊಂಡೆ. ಧರ್ಮರಾಯನಿಗಿಂತ ಹೆಚ್ಚಾಗಿ ಅದು ಕಾನೂನಿನ ಮಹಿಮೆ. ಬವೇರಿಯಾ ರಾಜ್ಯದ 1946ರ ಸಂವಿಧಾನದ 141ನೆಯ ವಿಧಿಯಲ್ಲಿ ಹೀಗೊಂದು ಮಾತಿದೆ: ಪ್ರಕೃತಿಯ ಚೆಲುವನ್ನು ಸವಿಯುವುದು, ಕಾಡನ್ನೂ ಬೆಟ್ಟದ ಹುಲ್ಲುಗಾವಲನ್ನೂ ಹೊಕ್ಕು ತಿರುಗುವುದು, ತಾನಾಗಿ ಬೆಳೆದ ಕಾಡಿನ ಹಣ್ಣುಗಳನ್ನು ಆ ಊರಿನ ರೂಢಿಯಷ್ಟರ ಮಟ್ಟಿಗೆ ಆಯ್ದುಕೊಳ್ಳುವುದು ಪ್ರತಿಯೊಬ್ಬನಿಗೂ ಸಲ್ಲುತ್ತದೆ. ಯುದ್ಧದಲ್ಲಿ ಸುಟ್ಟು ಬೂದಿಯಾದ ಊರುಗಳ ನಡುವೆ, ಉಣ್ಣಲು ಸಾಲದ ಕಾಲದಲ್ಲಿ ಕುಳಿತು ಬರೆದ ಸಂವಿಧಾನದಲ್ಲಿ ಕಾಡುಹಣ್ಣಿಗೆ ಸ್ಥಳ ಸಿಕ್ಕಿದ್ದು ನನಗೆ ಆಶ್ಚರ್ಯ. ಅದಕ್ಕಿಂತ ಆಶ್ಚರ್ಯ ‘ಪ್ರತಿಯೊಬ್ಬನಿಗೂ’ ಎಂಬ ಪದ. ಪ್ರಜೆಗೆ ಎಂದಿಲ್ಲ. ಆವರೆಗೆ ಪ್ರತಿಯೊಂದು ಕಚೇರಿಯಲ್ಲಿ ‘ಪರದೇಶಿ’ ಎಂಬ ಶೀರ್ಷಿಕೆಯ ಕೆಳಗೆ ಹೆಸರು ಬರೆದು ಬಂದಿದ್ದ ನನಗೆ, ಆ ನೆಲದಲ್ಲಿ ನೆಲೆ ಸಿಕ್ಕಿತೆಂದು ಮೊದಲ ಬಾರಿ ಅನ್ನಿಸಿದ್ದು ಆ ಪದವನ್ನು ಓದಿದಾಗ.

ಇಲ್ಲಿಗೇ ಮುಗಿದಿದ್ದರೆ ಇದೊಂದು ಪ್ರವಾಸದ ಸವಿನೆನಪಾಗುತ್ತಿತ್ತು. ಆದರೆ ರೈಲಿನಲ್ಲಿ ಹಿಂತಿರುಗುವಾಗ ಬೆನ್ನ ಹಿಂದೆ ಹೋದ ಆ ಕೈ ನನ್ನನ್ನು ಬಿಡಲಿಲ್ಲ. ಆ ಭಂಗಿಯನ್ನು ನಾನು ಎಲ್ಲಿಯೋ ನೋಡಿದ್ದೆ.

ನಮ್ಮದು ಸಿದ್ದಾಪುರ ಸೀಮೆಯ ಅಡಕೆ ತೋಟದ ಮನೆ. ತೋಟವೆಂದ ಮೇಲೆ ಸೊಪ್ಪಿನ ಬೆಟ್ಟ ಇರಲೇಬೇಕು. ಅರಿಯದವರಿಗಾಗಿ ಹೇಳುತ್ತೇನೆ: ತೋಟಕ್ಕೆ ಹಾಕುವ ಸೊಪ್ಪು, ದರಕುಗಳಿಗಾಗಿ ತೋಟಿಗರಿಗೆ ಬ್ರಿಟಿಷರ ಕಾಲದಲ್ಲಿ ಬಿಟ್ಟುಕೊಟ್ಟ ಕಾಡು ಅದು. ಒಡೆತನ ಸರಕಾರದ್ದು; ಸೊಪ್ಪಿನ ಹಕ್ಕು ಮಾತ್ರ ನಮ್ಮದು. ಆದರೆ ಮನೆಯ ಮಾತಿನಲ್ಲಿ ಅದು ಎಂದೆಂದಿಗೂ ‘ನಮ್ಮ ಬೆಟ್ಟ’. 1990ರ ಸುಮಾರಿಗೆ, ಬೇಸಿಗೆ ರಜೆಯಲ್ಲಿ, ಹನ್ನೆರಡು ವರ್ಷದ ನನ್ನನ್ನು ಅಪ್ಪಯ್ಯ “ಬೆಟ್ಟಕ್ಕೆ ಒಂದು ಸುತ್ತು ಹಾಕಿ ಬಾ” ಎಂದು ಕಳಿಸುತ್ತಿದ್ದರು. ಕಾವಲಿಗೆ. ಒಂದು ದಿನ ಕೇರಿಯ ಹೆಂಗಸೊಬ್ಬಳು ಒಣ ಪುಳ್ಳೆಗಳನ್ನು ಕಡಿದು ಹೊರೆ ಕಟ್ಟುತ್ತಿದ್ದಳು. ನನ್ನನ್ನು ಕಂಡೊಡನೆ ಎದ್ದು ನಿಂತಳು. ಕತ್ತಿ ಹಿಡಿದ ಕೈ ಬೆನ್ನ ಹಿಂದೆ ಹೋಯಿತು. “ಒಣಗಿದ್ದು ಸಣ್ಣೊಡ್ಯಾ, ಹಸಿ ಮುಟ್ಲಿಲ್ಲ” ಎಂದಳು. ನನ್ನ ತಾಯಿಯ ವಯಸ್ಸಿನವಳು. ನಾನು ಹೊರೆ ಬಿಚ್ಚಿಸಿ, ಕತ್ತಿ ಕೊಡೆಂದು ಕೈ ಚಾಚಿದೆ, ಅವಳು ಕೊಟ್ಟಳು. ಅದನ್ನು ಗೆದ್ದ ರಾಜಕುಮಾರನಂತೆ ಮನೆಗೆ ತಂದೆ. ಅಪ್ಪಯ್ಯ ಬೆನ್ನು ತಟ್ಟಿದರು. ಆ ವೇಳೆಗೆ ನಮ್ಮ ಅಡುಗೆಮನೆಗೆ ಗೋಬರ್ ಗ್ಯಾಸು ಬಂದಾಗಿತ್ತು. ಆ ಪುಳ್ಳೆ ನಮಗೆ ಯಾತಕ್ಕೂ ಬೇಕಿರಲಿಲ್ಲ.

ಈ ಸಂಗತಿಯನ್ನು ಹಿರಿಯರಿಗೆ ಹೇಳಿದೆ. ಅವರು ನನ್ನನ್ನು ಸಮಾಧಾನಪಡಿಸಲು ಹೋಗಲಿಲ್ಲ. ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, ತಾವು ಹುಟ್ಟಿದ್ದು ಅದೇ ಕಾಡಿನ ಒಂದು ಹಳ್ಳಿಯಲ್ಲಿ ಎಂದರು. ಅವರ ತಾಯಿ ಬಾಲ್ಯದಲ್ಲಿ ಅದೇ ಹಣ್ಣುಗಳನ್ನು ಬುಟ್ಟಿಗಟ್ಟಲೆ ಆಯ್ದು ಮಾರಿ, ಆ ಹಣದಲ್ಲಿ ಶಾಲೆಗೆ ಹಾಕಿಕೊಂಡು ಹೋಗುವ ಬೂಟು ಕೊಳ್ಳುತ್ತಿದ್ದರಂತೆ. “ನೀವು ಹಣ್ಣು ಕಿತ್ತರೆ ಯಾರೂ ಕೇಳುವುದಿಲ್ಲ. ಬಿದ್ದ ಸೌದೆಯನ್ನು ಗಾಡಿಗೆ ಹೇರಿ ನೋಡಿ, ಚೀಟಿ ಎಲ್ಲಿ ಎಂದು ಕೇಳುತ್ತಾರೆ” ಎಂದರು. ಅದು ನಿಜ. ಅಲ್ಲಿಯೂ ಸೌದೆಗೆ ಪರವಾನಗಿ ಬೇಕು, ಇಲ್ಲವೇ ಹಳೆಯ ಕಾಲದಿಂದ ಬಂದ ಹಕ್ಕು ಇರಬೇಕು. ಶ್ಪೆಸ್ಸಾರ್ಟಿನ ಹಳ್ಳಿಗರಲ್ಲಿ ಕೆಲವರಿಗೆ ಅಂಥ ಹಕ್ಕು ಇನ್ನೂ ಉಂಟು. 2016ರಲ್ಲಿ ಆ ಕಾಡನ್ನು ರಾಷ್ಟ್ರೀಯ ಉದ್ಯಾನ ಮಾಡುವ ಮಾತು ಹೊರಟಾಗ ಸೌದೆಯ ಹಕ್ಕು ಹೋದೀತೆಂದು ಅವರು ಗಟ್ಟಿಯಾಗಿ ವಿರೋಧಿಸಿದರು. ಮರುವರ್ಷ ಸರಕಾರ ಆ ಕಾಡನ್ನು ಪಟ್ಟಿಯಿಂದ ಬಿಟ್ಟಿತು.

ಆಮೇಲೆ ನಾನು ಗ್ರಂಥಾಲಯದಲ್ಲಿ ಹುಡುಕಿ ಓದಿದೆ. ನಾವು ಉಲ್ಲಾಸಕ್ಕಾಗಿ ಅಲೆಯುವ ಆ ಗುಡ್ಡಗಳು ಒಂದು ಕಾಲದಲ್ಲಿ ಮೈಂಟ್ಸಿನ ಧರ್ಮಪ್ರಭುಗಳ ಬೇಟೆಯ ಕಾಡು. ಮರ, ಜಿಂಕೆ ಅವರಿಗೆ, ಹಸಿವು ಹಳ್ಳಿಗರಿಗೆ. 1852ರಲ್ಲಿ ಅಲ್ಲಿ ಬರವೂ ಜ್ವರವೂ ಹರಡಿದಾಗ ವ್ಯೂರ್ಟ್ಸ್‌ಬುರ್ಗಿನಲ್ಲಿ ಪ್ರಾಧ್ಯಾಪಕನಾಗಿದ್ದ ರುಡೋಲ್ಫ್ ಫಿರ್ಶೋ ಎಂಬ ವೈದ್ಯ ಹಳ್ಳಿಹಳ್ಳಿಗೆ ಹೋಗಿ ನೋಡಿ ‘ಶ್ಪೆಸ್ಸಾರ್ಟಿನ ಸಂಕಟ’ವೆಂಬ ವರದಿ ಬರೆದ. ರೋಗದ ಕಾರಣವನ್ನು ಹುಡುಕ ಹೋದವನು, ವಿದ್ಯೆ, ಅನುಕೂಲ, ಸ್ವಾತಂತ್ರ್ಯ ಇಲ್ಲದ ಕಡೆ ಆರೋಗ್ಯ ನಿಲ್ಲದೆಂಬ ನಿರ್ಣಯಕ್ಕೆ ಬಂದ. ಅದಕ್ಕೆ ಹನ್ನೊಂದು ವರ್ಷ ಮೊದಲು, 1841ರಲ್ಲಿ, ಅದೇ ದೇಶದ ಪಶ್ಚಿಮದ ರೈನ್ ಪ್ರಾಂತದಲ್ಲಿ, ಬಡವರು ಬಿದ್ದ ಒಣಕಟ್ಟಿಗೆ ಆರಿಸುವುದನ್ನು ಕಳವೆನ್ನಬೇಕೇ ಎಂದು ಶಾಸನಸಭೆಯಲ್ಲಿ ಚರ್ಚೆ ನಡೆದಿತ್ತು. ಮರುವರ್ಷ ಅದನ್ನು ಕಟುವಾಗಿ ಟೀಕಿಸಿ ಪತ್ರಿಕೆಯಲ್ಲಿ ಬರೆದ ಇಪ್ಪತ್ತನಾಲ್ಕರ ತರುಣನ ಹೆಸರು ಕಾರ್ಲ್ ಮಾರ್ಕ್ಸ್. ರಾಜಕೀಯವಾಗಿ ನಾವು ಆತನನ್ನು ಒಪ್ಪಲಿ ಬಿಡಲಿ, ಆತನ ಯೋಚನೆಗೆ ಕಿಡಿ ತಾಗಿದ್ದರಲ್ಲಿ ಒಂದು ಹೊರೆ ಪುಳ್ಳೆಗೂ ಪಾಲಿದೆಯೆಂಬುದನ್ನು ಮರೆಯುವ ಹಾಗಿಲ್ಲ.

ಇದರಿಂದ ನನ್ನ ಪ್ರಶ್ನೆ ಬಿಗಿಯಾಯಿತೇ ಹೊರತು ಬಿಡಿಸಿಕೊಳ್ಳಲಿಲ್ಲ. ಅವರು ಉದಾರಿಗಳು, ನಾವು ಜಿಪುಣರು ಎಂದುಬಿಡುವುದು ಸುಲಭ. ಪರದೇಶದಿಂದ ಬಂದವರು ಹಾಗೆನ್ನುವುದುಂಟು. ಆದರೆ ಆ ಯಜಮಾನನ ಔದಾರ್ಯಕ್ಕೆ ಒಂದು ಅನುಕೂಲವಿತ್ತು: ಆ ಹಣ್ಣು ಇಂದು ಯಾರ ಹೊಟ್ಟೆಪಾಡೂ ಅಲ್ಲ. ನಾನು ಅದನ್ನು ಕಿತ್ತದ್ದು ಹಸಿವಿನಿಂದಲ್ಲ, ಭಾನುವಾರದ ಖುಷಿಗಾಗಿ. ಸುಮ್ಮನೆ ಬಂದವನಿಗೆ ಬಾಗಿಲು ತೆಗೆಯುವುದಕ್ಕೆ ಮನುಷ್ಯ ಅಷ್ಟು ಹಿಂಜರಿಯುವುದಿಲ್ಲ. ಬೇಕಾಗಿ ಬಂದವನಿಗೆ ಮಾತ್ರ ‘ನಿನ್ನ ಕಾಗದವೆಲ್ಲಿ’ ಎನ್ನುತ್ತಾನೆ. ಇದು ಅಲ್ಲಿಯೂ ಸರಿ, ಇಲ್ಲಿಯೂ ಸರಿ. 2006ರ ಅರಣ್ಯ ಹಕ್ಕಿನ ಕಾಯಿದೆಯಡಿ ನಮ್ಮ ಜಿಲ್ಲೆಯ ಬಡ ಸಾಗುವಳಿದಾರ ಬುಡಕಟ್ಟಿನವನಲ್ಲದಿದ್ದರೆ ಮೂರು ತಲೆಮಾರಿನ, ಅಂದರೆ 75 ವರ್ಷಗಳ ನೆಲೆಯನ್ನು ರುಜುವಾತು ಮಾಡಬೇಕು. ಬೆಂಗಳೂರಿನಿಂದ ಬೆಟ್ಟ ಹತ್ತಲು ಬರುವ ತರುಣ ಚೀಟಿಯ ಹಣ ಕೊಟ್ಟರೆ ಸಾಕು, ಅವನ ಅಜ್ಜನನ್ನು ಯಾರೂ ಕೇಳುವುದಿಲ್ಲ.

ಅಪ್ಪಯ್ಯನ ಪಕ್ಷವನ್ನೂ ಹೇಳಬೇಕು. ಎಲ್ಲರೂ ಕತ್ತಿ ಹಿಡಿದು ನುಗ್ಗಿದರೆ ಬೆಟ್ಟ ಬೋಳಾಗುತ್ತದೆ, ಸೊಪ್ಪಿಲ್ಲದ ತೋಟ ಸೊರಗುತ್ತದೆ ಎನ್ನುತ್ತಿದ್ದರು. ಸುಳ್ಳಲ್ಲ, ಹಾಗೆ ಬೋಳಾದ ಬೆಟ್ಟಗಳನ್ನು ನಾನೇ ಕಂಡಿದ್ದೇನೆ. ‘ರೂಢಿಯಷ್ಟರ ಮಟ್ಟಿಗೆ’ ಎಂಬ ಮಾತನ್ನು ಬವೇರಿಯದವರೂ ಸೇರಿಸಿದ್ದಾರೆ. ಆದರೆ ರೂಢಿ ಎಷ್ಟೆಂದು ಅಂದು ನಿರ್ಣಯಿಸಿದವನು ಹನ್ನೆರಡು ವರ್ಷದ ಒಬ್ಬ ಹುಡುಗ. ಅದೂ ತನ್ನದಲ್ಲದ ಕಾಡಿನಲ್ಲಿ ನಿಂತು.

ಆ ರಾತ್ರಿ ಆಯಿಗೆ ಫೋನು ಮಾಡಿದೆ. ಹಣ್ಣು ತಂದ ಸಂಗತಿ ಕೇಳಿ ಅವಳಿಗೆ ಸಮಾಧಾನವಾಯಿತು. ಆಮೇಲೆ ಆ ಕತ್ತಿಯ ಮಾತೆತ್ತಿದೆ. ಸಂಜೆ ಅವಳು ಬಂದು ಕೇಳಿದಾಗ ವಾಪಸು ಕೊಟ್ಟಿರಬೇಕೆಂದೇ ಇಷ್ಟು ವರ್ಷ ನಂಬಿಕೊಂಡಿದ್ದೆ. “ಕೊಟ್ಟಿದ್ದಿಲ್ಲೆ” ಎಂದಳು ಆಯಿ. “ಇಲ್ಲೇ ಇದ್ದು. ಎರಡು ಸಲ ಹಿಡಿ ಬದಲ್ಸಿದ್ದು. ಕಾಯಿ ಒಡೆಯಲೆ ಚೊಲೋ ಆಗ್ತು.”

ಎರಡು ವರ್ಷ ಮುಗಿಸಿ ಬಂದ ಮೇಲೆ, ಕಳೆದ ಬೇಸಿಗೆಯಲ್ಲಿ, ಆ ಕತ್ತಿಯನ್ನು ಪತ್ರಿಕೆಯ ಹಾಳೆಯಲ್ಲಿ ಸುತ್ತಿಕೊಂಡು ಕೇರಿಗೆ ಹೋದೆ. ಅವಳು ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಸೊಸೆ ಇದ್ದಳು. ಕತ್ತಿಯನ್ನು ಕೈಗೆ ಕೊಟ್ಟು ಹೇಳಬೇಕೆಂದಿದ್ದುದನ್ನು ಹೇಗೋ ಹೇಳಿದೆ. ಅವಳಿಗೆ ಅದು ತಲೆಬುಡ ತಿಳಿಯಲಿಲ್ಲ. ತಮ್ಮಲ್ಲಿ ಮೂರು ಕತ್ತಿ ಇವೆಯೆಂದಳು; ಆದರೂ ತೆಗೆದುಕೊಂಡಳು. ಜಗಲಿಯ ಮೇಲೆ ಕೂರಿಸಿ ನೀರು, ಬೆಲ್ಲ ತಂದಿಟ್ಟಳು. ಜರ್ಮನಿಯಲ್ಲಿ ಚಳಿ ಜಾಸ್ತಿಯೋ ಎಂದು ವಿಚಾರಿಸಿದಳು. ನಾನು ಏಳುವ ಹೊತ್ತಿಗೆ, “ಒಡ್ಯಾ, ಮಳೆ ಹಿಡಿಯೂಕೆ ಮುಂಚೆ ನಿಮ್ಮ ಬೆಟ್ಟದಾಗೆ ಎರಡು ಹೊರೆ ಒಣ ಪುಳ್ಳೆ ತಕ್ಕಳ್ಲಾ? ಬಚ್ಚಲೊಲಿಗೆ” ಎಂದು ಕೇಳಿದಳು.

“ಅಣ್ಣನನ್ನು ಕೇಳಿ ಹೇಳುತ್ತೇನೆ” ಎಂದುಬಿಟ್ಟೆ.

ಆಗಲಿ ಎಂದು ತಲೆಯಾಡಿಸಿ, ಅವಳು ಬೆಲ್ಲದ ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋದಳು.