ಅನುದಾನವೆಂಬ ಮಾತು

‘ಅನುದಾನ’ ಎಂಬುದು ದಿನಪತ್ರಿಕೆಯಲ್ಲಿ ಹತ್ತಾರು ಬಾರಿ ಕಣ್ಣಿಗೆ ಬೀಳುವ ಮಾತು. ಅದರೊಳಗೆ ‘ದಾನ’ ಎಂಬ ಶಬ್ದ ಅಡಗಿ ಕುಳಿತಿದೆ. ರಸ್ತೆಗೆ ಅನುದಾನ, ಕಾಲೇಜಿಗೆ ಅನುದಾನ ಎಂದು ಓದಿದಾಗ ಅದು ನಮಗೆ ಹೊಳೆಯುವುದಿಲ್ಲ. ಕೆಲಸವಿಲ್ಲದ ಬಡವರಿಗೆ ಕಸುಬು ಕಲಿಸಲು ಸರ್ಕಾರ ಇಂತಿಷ್ಟು ಅನುದಾನ ಕೊಟ್ಟಿದೆ ಎಂದು ಓದಿದಾಗ ಮಾತ್ರ ಥಟ್ಟನೆ ಹೊಳೆಯುತ್ತದೆ. ‘ನಮ್ಮ ತೆರಿಗೆಯ ಹಣ, ಅದರಿಂದ ಬಂದ ಫಲವೇನು?’ ಎಂಬ ಪ್ರಶ್ನೆ ಬೆನ್ನಹಿಂದೆಯೇ ಬರುತ್ತದೆ. ಪ್ರಶ್ನೆಯೇನೋ ನ್ಯಾಯವಾದದ್ದೇ. ಆದರೆ ಅದನ್ನು ಯಾರಿಗೆ ಕೇಳಬೇಕು, ಯಾವ ಅಳತೆಗೋಲನ್ನು ಹಿಡಿದು ಕೇಳಬೇಕು ಎಂಬುದು ನಾವು ತಿಳಿದಷ್ಟು ಸುಲಭವಾದ ವಿಷಯವಲ್ಲ.

ಸರ್ಕಾರ ಈ ಪ್ರಶ್ನೆಯನ್ನು ಕೇಳಿಲ್ಲವೆಂದಲ್ಲ. 2015ರಲ್ಲಿ ಪ್ರಧಾನ ಮಂತ್ರಿ ಕೌಶಲ ವಿಕಾಸ ಯೋಜನೆ ಆರಂಭವಾಯಿತು. ಅದರ ಎರಡನೆಯ ಘಟ್ಟದಲ್ಲಿ ತರಬೇತಿ ಸಂಸ್ಥೆಗೆ ಹಣ ಮೂರು ಕಂತಿನಲ್ಲಿ ಸಲ್ಲುತ್ತಿತ್ತು: ತರಬೇತಿ ಶುರುವಾದಾಗ ನೂರಕ್ಕೆ 30, ಅಭ್ಯರ್ಥಿಗೆ ಪ್ರಮಾಣಪತ್ರ ದೊರೆತಾಗ 50, ಅವನು ಕೆಲಸಕ್ಕೆ ಸೇರಿದಾಗ ಉಳಿದ 20. ಮೂರನೆಯ ಘಟ್ಟದಲ್ಲಿ ಕೊನೆಯ ಕಂತು 30ಕ್ಕೆ ಏರಿತು. ಹಳ್ಳಿಯ ಬಡ ತರುಣರಿಗೆಂದು 2014ರಲ್ಲಿ ಬಂದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯ ನಿಯಮಗಳಲ್ಲಿ, ಕಲಿತ ನೂರು ಜನರಲ್ಲಿ 70 ಜನರಿಗಾದರೂ ಕೆಲಸ ಕೊಡಿಸಬೇಕೆಂಬ ಕಟ್ಟಳೆ ಇದೆ. ಫಲ ತೋರಿಸು, ಹಣ ಪಡೆ. ಇದಕ್ಕಿಂತ ನೇರವಾದ ವ್ಯವಹಾರ ಇನ್ನೇನಿದ್ದೀತು?

ಆದರೆ ಒಂದು ಸಣ್ಣ ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಹೊಲಿಗೆಯ ತರಬೇತಿಯಲ್ಲಿ ಒಂದು ಸ್ಥಾನ ಉಳಿದಿದೆ. ಬಾಗಿಲಲ್ಲಿ ಇಬ್ಬರು ನಿಂತಿದ್ದಾರೆ. ಒಬ್ಬಳು ಇಪ್ಪತ್ತೆರಡರ ಹುಡುಗಿ, ಪಿ.ಯು.ಸಿ. ಮುಗಿಸಿದ್ದಾಳೆ, ಮನೆ ಹತ್ತಿರ, ಮಾತು ಚುರುಕು. ಇನ್ನೊಬ್ಬಳು ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವಳು. ವಯಸ್ಸು ಮೂವತ್ತೆಂಟು, ಮೂರು ಮನೆಗಳ ಪಾತ್ರೆ ತೊಳೆದು ಇಬ್ಬರು ಮಕ್ಕಳನ್ನು ಸಾಕುತ್ತಾಳೆ. ಕೊನೆಯ ಕಂತು ಕೈಗೆ ಬರಬೇಕಾದರೆ ಸಂಸ್ಥೆಯವನು ಯಾರನ್ನು ಆರಿಸಿಕೊಂಡಾನು? ಅವನು ಕೆಟ್ಟವನಾಗಬೇಕಾಗಿಲ್ಲ. ಬಾಡಿಗೆ ಕಟ್ಟಬೇಕಾದ, ಶಿಕ್ಷಕರಿಗೆ ಸಂಬಳ ಕೊಡಬೇಕಾದ ಸಾಮಾನ್ಯ ಮನುಷ್ಯನಾದರೆ ಸಾಕು, ಮೊದಲನೆಯವಳ ಹೆಸರನ್ನೇ ಬರೆದುಕೊಳ್ಳುತ್ತಾನೆ. ಆಕೆಗೆ ಕೆಲಸ ಸಿಕ್ಕುತ್ತದೆ, ಲೆಕ್ಕ ಸರಿಹೋಗುತ್ತದೆ. ಆದರೆ ಈ ತರಬೇತಿ ಇಲ್ಲದಿದ್ದರೂ ಆಕೆಗೆ ಎಲ್ಲಿಯಾದರೂ ಒಂದು ಕೆಲಸ ಸಿಕ್ಕುತ್ತಿತ್ತೇನೋ! ಯಾರ ಹೆಸರಿನಲ್ಲಿ ಹಣ ಮಂಜೂರಾಯಿತೋ ಆಕೆ ಬಾಗಿಲಿನಿಂದಲೇ ಹಿಂದಿರುಗಿದಳು. ಕಾಗದದ ಮೇಲೆ ಮಾತ್ರ ಯಾವ ತಪ್ಪೂ ಇಲ್ಲ.

ಇದು ಬರಿಯ ಊಹೆಯಲ್ಲ. ಅಮೆರಿಕದಲ್ಲಿ 1982ರಲ್ಲಿ ಬಡವರ ಉದ್ಯೋಗ ತರಬೇತಿಗೆಂದು ಒಂದು ಕಾಯಿದೆ ಬಂತು. ಕಲಿತವರಲ್ಲಿ ಎಷ್ಟು ಜನ ಕೆಲಸಕ್ಕೆ ಸೇರಿದರು, ಎಷ್ಟು ಸಂಬಳ ಪಡೆದರು ಎಂಬುದನ್ನು ನೋಡಿ ಸ್ಥಳೀಯ ಸಂಸ್ಥೆಗಳನ್ನು ಅಳೆಯುವ ಕ್ರಮ ಅದರಲ್ಲಿತ್ತು. ಬಹುಬೇಗ ಒಂದು ಆಕ್ಷೇಪ ಎದ್ದಿತು. ಅದಕ್ಕೆ ಅಲ್ಲಿಯ ಅರ್ಥಶಾಸ್ತ್ರಜ್ಞರು ಬಳಸಿದ ಮಾತು ನಮ್ಮ ಅಡುಗೆಮನೆಗೂ ಪರಿಚಿತವಾದದ್ದು: ಕೆನೆ ತೆಗೆಯುವುದು. ಮೇಲೆ ತೇಲುವವರನ್ನು ಆರಿಸಿಕೊಂಡು ತಳದಲ್ಲಿರುವವರನ್ನು ಬಿಟ್ಟುಬಿಡುವುದು. 1992ರಲ್ಲಿ ಕಾಯಿದೆಯನ್ನು ತಿದ್ದಿ, ಕಲಿಯುವವರಲ್ಲಿ ನೂರಕ್ಕೆ 65 ಜನರಾದರೂ ಬಡತನದ ಜೊತೆಗೆ ಬೇರೊಂದು ತೊಡಕನ್ನೂ ಹೊತ್ತವರಾಗಿರಬೇಕೆಂದು ವಿಧಿಸಬೇಕಾಯಿತು. 2000ದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಜೇಮ್ಸ್ ಹೆಕ್ಮನ್ ಮತ್ತು ಅವರ ಸಂಗಡಿಗರು ಆ ಲೆಕ್ಕಗಳನ್ನೆಲ್ಲ ಕೆದಕಿ ನೋಡಿದರು. ತರಬೇತಿ ಮುಗಿದ ಹೊಸದರಲ್ಲಿ ಎಣಿಸಿದ ಕೆಲಸ-ಸಂಬಳಗಳ ಅಂಕಿಗೂ, ಆ ತರಬೇತಿಯಿಂದ ಮುಂದಿನ ವರ್ಷಗಳಲ್ಲಿ ನಿಜವಾಗಿ ಆದ ಪ್ರಯೋಜನಕ್ಕೂ ಇದ್ದ ಸಂಬಂಧ ತೀರ ದುರ್ಬಲವಾದದ್ದೆಂದು ಅವರು ಕಂಡುಕೊಂಡರು.

ಹಾಗಾದರೆ ಎಣಿಸುವುದನ್ನೇ ಬಿಟ್ಟುಬಿಡೋಣವೆ? ನಮ್ಮ ಕೌಶಲ ಯೋಜನೆಯ ನಾಲ್ಕನೆಯ ಘಟ್ಟದಲ್ಲಿ ಸರ್ಕಾರ ಹೆಚ್ಚುಕಡಿಮೆ ಆ ದಾರಿಯನ್ನೇ ಹಿಡಿದಿದೆ: ಕೆಲಸಕ್ಕೆ ಸೇರಿದವರ ಲೆಕ್ಕ ಮೊದಲಿನ ಮೂರು ಘಟ್ಟಗಳದ್ದು, ಈಗ ಕಲಿತವರು ತಮ್ಮ ದಾರಿಯನ್ನು ತಾವೇ ಆರಿಸಿಕೊಳ್ಳಲಿ ಎಂಬುದು ಅದರ ನಿಲುವು. ಇದೂ ನನಗೆ ಸಮಾಧಾನ ತರುವುದಿಲ್ಲ. ಲೆಕ್ಕ ಕೇಳದ ಹಣ ಒರತೆಯಿಲ್ಲದ ಬಾವಿಯ ನೀರಿನಂತೆ, ಎಲ್ಲಿ ಇಂಗಿತೆಂದು ತಿಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ತರಬೇತಿಯಲ್ಲಿ ಬಂಡವಾಳ ಹೂಡುವುದು ಸರ್ಕಾರವೊಂದೇ ಅಲ್ಲ. ಮೂರು ತಿಂಗಳು ಪಾತ್ರೆ ತೊಳೆಯುವುದನ್ನು ಬಿಟ್ಟು ಹೊಲಿಗೆ ಕಲಿಯಲು ಹೋದವಳು ಆ ಮೂರು ತಿಂಗಳ ಗಳಿಕೆಯನ್ನು ಕಳೆದುಕೊಳ್ಳುತ್ತಾಳೆ. ಬಿಟ್ಟ ಮನೆಗಳು ಮತ್ತೆ ಸಿಕ್ಕುತ್ತವೆಂಬ ಭರವಸೆಯೂ ಇಲ್ಲ. ನಮಗೆ ಉಪಕಾರದಂತೆ ಕಾಣುವ ಶಿಷ್ಯವೇತನ ಆಕೆಗೆ ಅಂದಂದಿನ ರಾಗಿ, ಅಕ್ಕಿ. ಕೊನೆಗೆ ಕೈಗೆ ಬಂದದ್ದು ಒಂದು ಹಾಳೆ ಪ್ರಮಾಣಪತ್ರ ಮಾತ್ರ ಎಂದಾದರೆ, ನಷ್ಟ ತೆರಿಗೆ ಕೊಟ್ಟವನಿಗಿಂತ ಮೊದಲು ಆಕೆಯದು. ಲೆಕ್ಕ ಕೇಳುವ ಮೊದಲ ಹಕ್ಕೂ ಆಕೆಯದೇ.

ಇಲ್ಲಿ ‘ದಾನ’ದ ಪ್ರಶ್ನೆಗೆ ಹಿಂದಿರುಗಬೇಕಾಗುತ್ತದೆ. ನನ್ನಂಥ ಅನೇಕ ಅಧ್ಯಾಪಕರ ಸಂಬಳವೂ ಬರುವುದು ಅನುದಾನದಿಂದಲೇ. ಖಾಸಗಿ ಕಾಲೇಜುಗಳಲ್ಲಿ ಅನುದಾನಿತ, ಅನುದಾನರಹಿತ ಎಂಬ ಎರಡು ಜಾತಿಗಳಿರುವುದು ಎಲ್ಲರಿಗೂ ತಿಳಿದದ್ದೇ. ನಾವು ಕನ್ನಡ ಕಲಿಸಿದ ನೂರು ಪದವೀಧರರಲ್ಲಿ 70 ಜನ ಕೆಲಸಕ್ಕೆ ಸೇರಿದರೆ ಮಾತ್ರ ನಿಮ್ಮ ಕೊನೆಯ ಕಂತು ಎಂದು ಯಾರೂ ನಮಗೆ ಹೇಳಿಲ್ಲ. ಸಾರ್ವಜನಿಕ ಹಣದಿಂದ ಎಂಜಿನಿಯರಾದವನನ್ನೂ ವೈದ್ಯನಾದವನನ್ನೂ ನಾವು ಪ್ರತಿಭಾವಂತನೆನ್ನುತ್ತೇವೆ. ಅದೇ ಹಣದಿಂದ ಮರಗೆಲಸ ಕಲಿತವನನ್ನು ಫಲಾನುಭವಿ ಎನ್ನುತ್ತೇವೆ. ಒಬ್ಬನಿಗೆ ಸಂದದ್ದು ಹಕ್ಕು, ಇನ್ನೊಬ್ಬನಿಗೆ ಸಂದದ್ದು ದಾನ. ಹಣವೋ ಒಂದೇ ಬೊಕ್ಕಸದ್ದು.

ಒಂದು ಕಡೆಯಲ್ಲಾದರೂ ನಮ್ಮ ಶಾಸನ ಈ ಭೇದವನ್ನು ಮೀರಿದೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯಿದೆ ಅದು. ಆ ಕೆಲಸದಿಂದ ಬಿಡುಗಡೆ ಹೊಂದಿದವರಿಗೆ, ಅವರ ಅರ್ಹತೆ ಮತ್ತು ಇಚ್ಛೆಗನುಸಾರವಾಗಿ ಬೇರೊಂದು ಕಸುಬನ್ನು ಕಲಿಸಬೇಕು, ಕಲಿಯುವಾಗ ತಿಂಗಳಿಗೆ 3,000 ರೂ.ಗೆ ಕಡಮೆಯಿಲ್ಲದ ಶಿಷ್ಯವೇತನ ಕೊಡಬೇಕು ಎಂದು ಅದು ಹೇಳುತ್ತದೆ. ಕಾರಣವನ್ನೂ ಪೀಠಿಕೆಯಲ್ಲಿಯೇ ಹೇಳಿದೆ: ಚರಿತ್ರೆಯಲ್ಲಿ ನಡೆದ ಅನ್ಯಾಯವನ್ನೂ ಅಪಮಾನವನ್ನೂ ಸರಿಪಡಿಸುವುದು. ಇದು ದಾನಿಯ ಭಾಷೆಯಲ್ಲ, ಸಾಲಗಾರನ ಭಾಷೆ.

‘ನಾನು ಯಾರಿಗೂ ಅನ್ಯಾಯ ಮಾಡಿಲ್ಲವಲ್ಲ, ನನ್ನ ಮೇಲೇಕೆ ಈ ಸಾಲ?’ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರ ನಮ್ಮ ಮನೆತನದ ವ್ಯವಹಾರದಲ್ಲಿಯೇ ಇದೆ. ತಂದೆಯ ಆಸ್ತಿಗೆ ಕೈಚಾಚಿದವನು ತಂದೆಯ ಸಾಲ ತನ್ನದಲ್ಲವೆನ್ನುವುದು ಸಭ್ಯತೆಯಲ್ಲ. ಇನ್ನೊಬ್ಬರು ಚರಂಡಿ ತೊಳೆದದ್ದರಿಂದ ಆರೋಗ್ಯವಾಗಿರುವ ನಗರದಲ್ಲಿ, ಇನ್ನೊಬ್ಬರು ಇಟ್ಟಿಗೆ ಹೊತ್ತು ಕಟ್ಟಿದ ಮನೆಯಲ್ಲಿ, ಇನ್ನೊಬ್ಬರು ಶಾಲೆ ಬಿಟ್ಟು ಮಾಡಿದ ಕೆಲಸದ ಫಲವನ್ನುಂಡು ನಾವು ಬೆಳೆದಿದ್ದೇವೆ. ತಪ್ಪು ನಮ್ಮದಲ್ಲದಿರಬಹುದು, ಉಂಡದ್ದು ಸುಳ್ಳಲ್ಲ.

ಹೀಗೆ ಒಪ್ಪಿಕೊಂಡರೆ ಲೆಕ್ಕದ ರೀತಿ ತಾನಾಗಿಯೇ ಬದಲಾಗುತ್ತದೆ. ಲೆಕ್ಕ ಕೇಳಬೇಕಾದದ್ದು ಕಲಿಯಲು ಬಂದವರನ್ನಲ್ಲ, ನಡುವೆ ನಿಂತು ಹಣ ಹಿಡಿದವರನ್ನು. ಎಷ್ಟು ಜನ ದಡ ಸೇರಿದರು ಎಂಬುದರ ಜೊತೆಗೆ ಎಷ್ಟು ಆಳದಿಂದ ಮೇಲೆ ಬಂದರು ಎಂಬುದನ್ನೂ ಎಣಿಸಬೇಕು. ಇದು ಆಗದ ಮಾತಲ್ಲ. ಅಮೆರಿಕದ 2014ರ ಕಾಯಿದೆಯಲ್ಲಿ, ಕಲಿಯಲು ಬಂದವರ ತೊಡಕುಗಳನ್ನು ಗಣನೆಗೆ ತಂದುಕೊಂಡು ಗುರಿಯನ್ನು ಹೆಚ್ಚು ಕಡಮೆ ಮಾಡುವ ಏರ್ಪಾಟು ಇದೆ. ಕಷ್ಟದವರನ್ನು ಕೈಹಿಡಿದ ಸಂಸ್ಥೆಗೆ ಅದೇ ಕಾರಣದಿಂದ ದಂಡ ಬೀಳಬಾರದು ಎಂಬುದು ಅದರ ಸಾರ.

ಲೆಕ್ಕಕ್ಕೆ ತಾಳ್ಮೆಯೂ ಬೇಕು. ಅದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಧರ್ಮಸ್ಥಳದ ಬಳಿಯ ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳದವರೂ ಸಿಂಡಿಕೇಟ್, ಕೆನರಾ ಬ್ಯಾಂಕುಗಳೂ ಸೇರಿ ‘ರುಡ್‌ಸೆಟ್’ ಸಂಸ್ಥೆಯನ್ನು ಆರಂಭಿಸಿದರು. ಅದರ ಮಾದರಿಯಲ್ಲಿ ಕೇಂದ್ರ ಸರ್ಕಾರ ಜಿಲ್ಲೆಗೊಂದು ಸ್ವಉದ್ಯೋಗ ತರಬೇತಿ ಸಂಸ್ಥೆಯನ್ನು ಬ್ಯಾಂಕುಗಳ ಮೂಲಕ ನಡೆಸುವ ಏರ್ಪಾಟು ಮಾಡಿತು. ಅಲ್ಲಿ ಊಟ ವಸತಿಗಳೊಡನೆ ನೀಡುವ ತರಬೇತಿ ಕೆಲವೇ ವಾರಗಳದ್ದು. ಆದರೆ ಕಲಿತು ಹೋದವರ ಬೆನ್ನಿಗೆ ಎರಡು ವರ್ಷ ನಿಲ್ಲಬೇಕೆಂಬುದು ಅದರ ಪದ್ಧತಿ. ಸಾಲ ಸಿಕ್ಕಿತೆ, ಅಂಗಡಿ ನಡೆಯಿತೆ, ಎಲ್ಲಿ ಎಡವಿದರು ಎಂದು ವಿಚಾರಿಸಬೇಕು. ಹಣ ಕೊಟ್ಟು ಕೈತೊಳೆದುಕೊಳ್ಳುವುದಕ್ಕೂ ಕೊಟ್ಟಮೇಲೆ ಜೊತೆಗೆ ನಡೆಯುವುದಕ್ಕೂ ಇರುವ ವ್ಯತ್ಯಾಸ ಇದೇ.

ಹನ್ನೆರಡನೆಯ ಶತಮಾನದ ಶರಣರು ಈ ವ್ಯತ್ಯಾಸವನ್ನು ಬಲ್ಲವರಾಗಿದ್ದರು. ಅವರು ಕಾಯಕದ ಪಕ್ಕದಲ್ಲಿ ಇಟ್ಟದ್ದು ದಾನವನ್ನಲ್ಲ, ದಾಸೋಹವನ್ನು. ದಾನದಲ್ಲಿ ಕೊಡುವವನ ಕೈ ಮೇಲೆ. ದಾಸೋಹದಲ್ಲಿ ಕೊಡುವವನೇ ದಾಸ. ಹಗ್ಗ ಹೊಸೆಯುವ ನುಲಿಯ ಚಂದಯ್ಯನೂ ಅನುಭವ ಮಂಟಪದಲ್ಲಿ ಸರಿಸಮನಾಗಿ ಕುಳಿತನೆಂದು ಪರಂಪರೆ ಹೇಳುತ್ತದೆ. ಅವನಿಗೆ ಆ ಸ್ಥಾನ ದೊರೆತದ್ದು ಯಾರ ಕೃಪೆಯಿಂದಲೂ ಅಲ್ಲ. ಕೈಯಲ್ಲಿ ಕಸುಬಿದ್ದುದರಿಂದ ಮತ್ತು ಆ ಕಸುಬನ್ನು ಕೀಳೆಂದು ಎಣಿಸದ ಜನ ಅಲ್ಲಿದ್ದುದರಿಂದ. ಮೊದಲನೆಯದನ್ನು ಅನುದಾನದಿಂದ ಒದಗಿಸಬಹುದು. ಎರಡನೆಯದಕ್ಕೆ ಯಾವ ಬಜೆಟ್ಟಿನಲ್ಲಿಯೂ ಬಾಬತ್ತು ಇಲ್ಲ. ಅದನ್ನು ನಾವೇ, ನಮ್ಮ ಮನಸ್ಸಿನ ಖಾತೆಯಿಂದಲೇ, ಸಲ್ಲಿಸಬೇಕು.