ನಿಕ್ಷೇಪದ ಹೊಣೆ

ಒಬ್ಬರು ನಂಬಿ ಇಟ್ಟುಹೋದ ವಸ್ತು ನಮ್ಮ ಕೈಯಲ್ಲಿ ನಾಶವಾದರೆ ನಾವು ಎಷ್ಟರಮಟ್ಟಿಗೆ ಹೊಣೆಗಾರರು? ಧರ್ಮಶಾಸ್ತ್ರಕಾರರು ನಿಕ್ಷೇಪವೆಂಬ ಹೆಸರಿನಿಂದ ವಿಚಾರಿಸಿರುವ ಈ ಪ್ರಶ್ನೆಯನ್ನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆನೇ ಹೊರತು, ಅದು ನನ್ನ ಮನೆಯ ಬಾಗಿಲಿಗೇ ಬರುವುದೆಂದು ಎಣಿಸಿರಲಿಲ್ಲ. ಬಂದುದು ಒಂದು ಹಳೆಯ ಕಂಪ್ಯೂಟರಿನ ಮೂಲಕ.

ಚಿಕ್ಕರಸಿನಕೆರೆಯ ನಮ್ಮ ಮನೆಯಲ್ಲಿರುವ ಆ ಯಂತ್ರಕ್ಕೆ ಈಗ ಹದಿಮೂರು ವರ್ಷ. ನಮ್ಮ ಬೀದಿಯ ವೃದ್ಧೆಯೊಬ್ಬಳು ಮದುವೆಮನೆಗಳಲ್ಲಿ ಹೇಳುತ್ತಿದ್ದ ಸೋಬಾನೆ ಪದಗಳನ್ನು ನಾನು ಕೇಳಿ ಬರೆದು ಅದರಲ್ಲಿ ತುಂಬಿದ್ದೆನು. “ನಾ ಹೋದ್ಮೇಲೂ ಇವು ಉಳೀತವಾ ಮೇಷ್ಟ್ರೇ?” ಎಂದು ಆಕೆ ಕೇಳಿದಳು. “ಉಳೀತವೆ ಕಣವ್ವ” ಎಂದೆನು. ಬರೆದ ಕಾಗದಗಳನ್ನು, ಇನ್ನೇತಕ್ಕೆಂದು, ನೀರೊಲೆಗೆ ಹಾಕಿಬಿಟ್ಟೆನು. ಆಕೆ ಹೋಗಿ ಎರಡು ವರ್ಷವಾಯಿತು.

ಯಂತ್ರದ ಹಾರ್ಡ್ ಡಿಸ್ಕಿನೊಳಗೆ ನಿಮಿಷಕ್ಕೆ 7200 ಸುತ್ತು ತಿರುಗುವ ಬಿಲ್ಲೆಗಳಿರುವುವು. ಅವುಗಳನ್ನು ಮುಟ್ಟದೆಯೇ, ಕೂದಲಿನ ದಪ್ಪಕ್ಕಿಂತ ಎಷ್ಟೋ ಪಾಲು ಕಡಮೆಯ ಅಂತರದಲ್ಲಿ, ಓದುವ ಮೊನೆಯೊಂದು ತೇಲುತ್ತಿರುವುದು. ಈ ಡಿಸ್ಕು ಒಂದು ತಿಂಗಳಿನಿಂದ ಟಕ್ ಟಕ್ಕೆಂದು ಸದ್ದುಮಾಡುತ್ತಿದ್ದಿತು. ನಾನು ಕೇಳಿಸಿಕೊಂಡೂ ಸುಮ್ಮನಿದ್ದೆನು. ಒಂದು ಬೆಳಿಗ್ಗೆ ಯಂತ್ರವು ಏಳಲಿಲ್ಲ.

ಮದ್ದೂರಿನ ಅಂಗಡಿಯ ಹುಡುಗನು ತಿರುಗುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿಯೊಂದನ್ನು ಕೂರಿಸಿ, 2 ಜಿಬಿ ರ‍್ಯಾಮನ್ನು 8ಕ್ಕೆ ಏರಿಸಿಕೊಟ್ಟನು. ಮುದಿಯೆತ್ತಿಗೆ ಹರೆಯ ಬಂದಂತಾಯಿತು! ಹಳೆಯ ಡಿಸ್ಕಿನಲ್ಲಿರುವುದನ್ನು ತೆಗೆಯಬೇಕಾದರೆ ಧೂಳಿಲ್ಲದ ಕೊಠಡಿಯಲ್ಲಿ ಬಿಚ್ಚಬೇಕು, ಅದರ ವೆಚ್ಚ ಈ ರಿಪೇರಿಯ ಹಲವು ಪಟ್ಟು, ಸಿಕ್ಕೀತೆಂಬ ಭರವಸೆಯೂ ಇಲ್ಲ ಎಂದನು. ನಾನು ಹೊಸದಕ್ಕೆ ಹಣ ಕೊಟ್ಟು, ಹಳೆಯದನ್ನು ಪಂಚೆಯ ತುಂಡಿನಲ್ಲಿ ಸುತ್ತಿ ಮನೆಗೆ ತಂದೆನು.

ಶಾಸ್ತ್ರವೇನೋ ಉದಾರವಾಗಿದೆ. ಕಳ್ಳರು ಒಯ್ದರೆ, ನೀರು ಕೊಚ್ಚಿದರೆ, ಬೆಂಕಿ ಸುಟ್ಟರೆ ಇಟ್ಟುಕೊಂಡವನು ಹೊಣೆಯಲ್ಲವೆಂದು ಮನು ಹೇಳುತ್ತಾನೆ. ತನ್ನ ಸೊತ್ತಿನೊಡನೆಯೇ ನಿಕ್ಷೇಪವೂ ಹೋದರೆ ನಷ್ಟ ಇಟ್ಟವನದೆಂದು ನಾರದನ ಮತ. ನನ್ನ ಮೊಮ್ಮಕ್ಕಳ ಚಿತ್ರಗಳೂ ಅದರಲ್ಲಿಯೇ ಹೋದವಷ್ಟೆ! ಈ ವಚನವನ್ನು ಹಿಡಿದು ನಾನು ಎರಡು ದಿನ ಸಮಾಧಾನ ತಂದುಕೊಂಡುದುಂಟು. ಆದರೆ ಉಪೇಕ್ಷೆಯಿಂದ ಕೆಡಿಸಿದವನು ಬಡ್ಡಿಯೊಡನೆ ತೆರಬೇಕೆಂದು ಬೃಹಸ್ಪತಿಯು ವಿಧಿಸಿದ್ದಾನೆ. ತಿಂಗಳ ಕಾಲ ಕೇಳಿದ ಆ ಟಕ್ ಟಕ್ ದೈವಿಕವೆಂದು ನಾನು ಯಾವ ಬಾಯಿಂದ ಹೇಳಲಿ?

ನಿಕ್ಷೇಪದ ವಿಚಾರವು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಇದೆ. ಆ ಗ್ರಂಥವೇ ಬಹುಕಾಲ ಕಣ್ಮರೆಯಾಗಿದ್ದಿತು. ತಂಜಾವೂರಿನ ಕಡೆಯ ಪಂಡಿತರೊಬ್ಬರು ಅದರ ಓಲೆಪ್ರತಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದರು, 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದರು. ಹುಳು ತಿನ್ನುವ ಓಲೆಯನ್ನು ನಮ್ಮ ಹಿರಿಯರು ನಂಬಲಿಲ್ಲ. ಆದುದರಿಂದಲೇ ಪ್ರತಿಯಿಂದ ಪ್ರತಿಯನ್ನು ಮಾಡುತ್ತ ಬಂದರು. ನಾನು ಯಂತ್ರವನ್ನು ನಂಬಿದೆನು.

ಮೊನ್ನೆ ಆ ವೃದ್ಧೆಯ ಮಗಳಿಗೆ ನಡೆದುದನ್ನೆಲ್ಲ ಹೇಳಿದೆನು. ಆಕೆ ಬಯ್ಯಲಿಲ್ಲ, ಅದೇ ನನಗೆ ಕಷ್ಟವಾಯಿತು. ತನಗೆ ಅರ್ಧದಷ್ಟು ಬರುವುದೆಂದೂ, ಮಳವಳ್ಳಿಯ ಕಡೆಗೆ ಕೊಟ್ಟಿರುವ ಚಿಕ್ಕಮ್ಮನಿಗೆ ಬೇರೆ ಕೆಲವು ಬರುವುವೆಂದೂ ಹೇಳಿದಳು. ಸೋಮವಾರ ಬರುತ್ತಾಳೆ. ಎರಡು ನೋಟುಪುಸ್ತಕಗಳನ್ನು ತಂದಿಟ್ಟಿದ್ದೇನೆ. ಒಂದು ಅವರ ಮನೆಗೆ.